ರಕ್ತ ಕಮ್ಮಿ ಅಂತಾರೆ ಸರಿ, ಯಾಕೆ ಕಮ್ಮಿ ಅಂತ ಕೇಳಿದ್ರಾ?

ಇವತ್ತಿನ ಸಂಚಿಕೆ ರಕ್ತಹೀನತೆ ಬಗ್ಗೆ. ಅನೀಮಿಯಾ ಅಂತಾರಲ್ಲ, ಅದೇ. ಹುಡುಗ್ರೇ, ಇದು ಹೆಣ್ಮಕ್ಕಳ ವಿಷ್ಯ ಅಂತ ಸ್ಕಿಪ್ ಮಾಡ್ಬೇಡಿ. ನಿಮ್ಮ ಸರದಿನೂ ಬರುತ್ತೆ.

ಮೊದ್ಲು ನನ್ನದೇ ಕತೆ ಹೇಳ್ಬಿಡ್ತೀನಿ. ನಾನು ಮಧುಗಿರಿ ಕಡೆಯವಳು. ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಕಾಲೇಜಲ್ಲಿ ರಕ್ತದಾನ ಶಿಬಿರ ಇಟ್ಟಿದ್ರು. ಗೆಳತಿಯರೆಲ್ಲ ಹೆಸರು ಕೊಟ್ರು, ನಾನೂ ಕೊಟ್ಟೆ. ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತ ತೆಗೆದು ನೀಲಿ ನೀರಿದ್ದ ಲೋಟಕ್ಕೆ ಬಿಟ್ರು. ಆ ನೀಲಿ ನೀರು ಬೇರೇನಲ್ಲ, ಅಡಿಕೆ ತೋಟದವರಿಗೆಲ್ಲ ಗೊತ್ತಿರೋ ಮೈಲುತುತ್ತದ ದ್ರಾವಣ. ರಕ್ತ ಕೊಡೋಕೆ ಡೆಸಿಲೀಟರ್‌ಗೆ ಕನಿಷ್ಠ 12.5 ಗ್ರಾಂ ಹಿಮೋಗ್ಲೋಬಿನ್ ಇರ್ಬೇಕು. ಅಷ್ಟಿದ್ರೆ ಹನಿ ಮುಳುಗುತ್ತೆ, ಕಮ್ಮಿ ಇದ್ರೆ ತೇಲುತ್ತೆ. ನನ್ನ ಹನಿ ತೇಲ್ತು. ‘ನೀನೇ ಯಾರ ಹತ್ರನಾದ್ರೂ ಇಸ್ಕೋಬೇಕಮ್ಮ, ಹೋಗಿ ಊಟ ಮಾಡು’ ಅಂತ ಸಿಸ್ಟರ್ ನಕ್ಕು ಕಳಿಸಿದ್ರು. ನಾನೂ ನಕ್ಕೆ. ಆದ್ರೆ ಮಧುಗಿರಿ ಬೆಟ್ಟದ ಮೊದಲ ಸುತ್ತಿನ ಮೆಟ್ಟಿಲಲ್ಲೇ ನನಗೆ ಏದುಸಿರು ಬರ್ತಿದ್ದದ್ದು ಯಾಕೆ ಅಂತ ಅವತ್ತು ಅರ್ಥ ಆಯ್ತು.

ಒಂದು ಕ್ಲಿನಿಕ್‌ಗೆ ಹೋದೆ. ಟಾನಿಕ್ ಬರೆದುಕೊಟ್ರು. ಯಾಕೆ ಕಮ್ಮಿ ಆಗಿದೆ ಅಂತ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಎರಡು ತಿಂಗಳು ಕುಡಿದ್ರೂ ಏನೂ ಏರಲಿಲ್ಲ. ಆ ಕೇಳದೇ ಉಳಿದ ಪ್ರಶ್ನೆನೇ ಇವತ್ತಿನ ಸಂಚಿಕೆ. ರಕ್ತಹೀನತೆ ಒಂದೇ ಕಾಯಿಲೆ ಅಲ್ಲ. ಜ್ವರದ ಥರ ಅದೊಂದು ಸೂಚನೆ. ಜ್ವರ ಬಂದ್ರೆ ‘ಮಲೇರಿಯಾನೋ, ಡೆಂಗಿನೋ, ಟೈಫಾಯ್ಡೋ’ ಅಂತ ಕೇಳ್ತೀವಲ್ಲ, ಹಾಗೇ ಇಲ್ಲೂ ಕೇಳ್ಬೇಕು.

ಏನಿದು ರಕ್ತಹೀನತೆ?

ಹೆಸರು ಕೇಳಿ ಮೈಯಲ್ಲಿರೋ ರಕ್ತದ ಪ್ರಮಾಣವೇ ಇಳಿದಿದೆ ಅಂದ್ಕೋಬೇಡಿ. ಕಮ್ಮಿ ಆಗಿರೋದು ಕೆಂಪು ರಕ್ತಕಣ ಅಥವಾ ಅದರೊಳಗಿರೋ ಹಿಮೋಗ್ಲೋಬಿನ್. ಶ್ವಾಸಕೋಶದಿಂದ ಆಮ್ಲಜನಕ ಹೊತ್ತುಕೊಂಡು ಮೈತುಂಬ ಹಂಚೋದು ಅದೇ. ಅದು ಕಮ್ಮಿ ಆದಾಗ ಹೃದಯ ಜಾಸ್ತಿ ಬಡ್ಕೊಂಡು ಸರಿದೂಗಿಸೋಕೆ ನೋಡುತ್ತೆ. ಅದಕ್ಕೇ ಸುಸ್ತು, ಎದೆ ಡವಡವ, ತಲೆ ಗಿರ್ ಅನ್ನೋದು, ಓದೋಕೆ ಕೂತ್ರೆ ಮನಸ್ಸು ನಿಲ್ಲದಿರೋದು. ಕೆಲವರಿಗೆ ಸುಣ್ಣ, ಸೀಮೆಸುಣ್ಣ, ಹಸಿ ಅಕ್ಕಿ, ಮಣ್ಣು ತಿನ್ಬೇಕು ಅನ್ಸುತ್ತೆ. ಅದು ಕೆಟ್ಟ ಚಟ ಅಂತ ಬೈಯೋದಲ್ಲ, ಎಷ್ಟೋ ಸಲ ಕಬ್ಬಿಣದ ಕೊರತೆಯ ಲಕ್ಷಣ.

ಲೆಕ್ಕ ಹೀಗಿದೆ: ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಮ್ಮಿ ಇದ್ರೆ ರಕ್ತಹೀನತೆ. ಗರ್ಭಿಣಿಯರಲ್ಲಿ 7ಕ್ಕಿಂತ, ಉಳಿದವರಲ್ಲಿ 8ಕ್ಕಿಂತ ಕೆಳಗಿಳಿದ್ರೆ ತೀವ್ರ ಅಂತ ಅರ್ಥ.

ಇದು ಎಷ್ಟು ಜನಕ್ಕಿದೆ ಗೊತ್ತಾ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ 48, ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ 65, ಗಂಡಸರಲ್ಲಿ ಸುಮಾರು ಶೇ 20 ಮಂದಿಗೆ ರಕ್ತಹೀನತೆ ಇದೆ. ಅಂದ್ರೆ ನಿಮ್ಮ ಕ್ಲಾಸಲ್ಲಿ ಇಬ್ಬರು ಹುಡುಗಿಯರು ಅಕ್ಕಪಕ್ಕ ಕೂತಿದ್ರೆ, ಒಬ್ಬಳಿಗೆ ಇರಬಹುದು. ಎಷ್ಟು ಸಾಮಾನ್ಯ ಅಂದ್ರೆ ನಮಗೆ ಅದು ಕಾಯಿಲೆ ಅಂತಾನೇ ಅನ್ಸಲ್ಲ.

ಕಾರಣ ಮೂರೇ ದಾರಿಯಲ್ಲಿ ಬರುತ್ತೆ

ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಹಳೇದು ಹೋದಂಗೆ ಮೂಳೆಯೊಳಗಿನ ಮಜ್ಜೆ ಹೊಸದನ್ನು ಮಾಡ್ತಾ ಇರುತ್ತೆ. ನೀರಿನ ಟ್ಯಾಂಕ್ ನೆನಪಿಸ್ಕೊಳ್ಳಿ. ಟ್ಯಾಂಕ್ ಖಾಲಿ ಆಗೋಕೆ ಮೂರೇ ಕಾರಣ. ಮೋಟರು ನೀರು ಎತ್ತುತ್ತಿಲ್ಲ, ಎಲ್ಲೋ ಸೋರ್ತಿದೆ, ಇಲ್ಲಾಂದ್ರೆ ಟ್ಯಾಂಕಲ್ಲೇ ತೊಂದರೆ ಇದೆ. ರಕ್ತದಲ್ಲೂ ಹಾಗೇ: ಕಣ ತಯಾರಾಗ್ತಿಲ್ಲ, ರಕ್ತ ಸೋರ್ತಿದೆ, ಅಥವಾ ತಯಾರಾದ ಕಣ ಬೇಗ ಒಡೆದುಹೋಗ್ತಿದೆ.

ತಯಾರಾಗದೇ ಇರೋಕೆ ದೊಡ್ಡ ಕಾರಣ ಕಬ್ಬಿಣದ ಕೊರತೆ. ಆಮೇಲೆ ವಿಟಮಿನ್ ಬಿ12 ಮತ್ತು ಫೋಲಿಕ್ ಆಮ್ಲದ ಕೊರತೆ. ಮೂತ್ರಪಿಂಡದ ಕಾಯಿಲೆ, ಕ್ಷಯ, ಕೀಲುವಾತದಂಥ ದೀರ್ಘಕಾಲದ ಕಾಯಿಲೆ ಇದ್ದವರಲ್ಲೂ ಕಣ ತಯಾರಿ ಕುಗ್ಗುತ್ತೆ. ಅಪರೂಪಕ್ಕೆ ಮಜ್ಜೆಯೇ ಕೆಲಸ ನಿಲ್ಲಿಸುತ್ತೆ. ಅದನ್ನು ಅಪ್ಲಾಸ್ಟಿಕ್ ಅನೀಮಿಯಾ ಅಂತಾರೆ. ಆಗ ಬಿಳಿ ಕಣ, ಪ್ಲೇಟ್‌ಲೆಟ್ ಕೂಡ ಇಳಿಯುತ್ತೆ.

ಸೋರೋದು ಅಂದ್ರೆ ಹೆಣ್ಮಕ್ಕಳಲ್ಲಿ ಮುಟ್ಟಿನ ಅತಿ ಸ್ರಾವ. ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ನೋವಿನ ಮಾತ್ರೆ ದಿನಾ ನುಂಗೋದು ಕೂಡ ಇದರಲ್ಲೇ ಬರುತ್ತೆ. ಬರಿಗಾಲಲ್ಲಿ ಹೊಲಕ್ಕೆ ಹೋಗೋರಿಗೆ ಕೊಕ್ಕೆಹುಳು ಕಾಲಿನ ಚರ್ಮದ ಮೂಲಕ ಒಳಗೆ ಹೋಗಿ ಕರುಳಿಗೆ ಕಚ್ಚಿಕೊಂಡು ದಿನಾ ರಕ್ತ ಹೀರುತ್ತೆ. ಈಗ ಹುಡುಗ್ರು ಗಮನ ಕೊಡಿ: ಗಂಡಸರಿಗೆ ಮುಟ್ಟು ಇಲ್ಲ, ಹೆರಿಗೆ ಇಲ್ಲ. ಹಾಗಿದ್ದೂ ಅಪ್ಪನಿಗೋ ತಾತನಿಗೋ ಕಬ್ಬಿಣ ಕಮ್ಮಿ ಬಂದ್ರೆ ಹೊಟ್ಟೆ, ಕರುಳಲ್ಲಿ ಎಲ್ಲೋ ರಕ್ತ ಸೋರ್ತಿರಬಹುದು. ಕೆಲವೊಮ್ಮೆ ಅದು ಕರುಳಿನ ಕ್ಯಾನ್ಸರ್‌ನ ಮೊದಲ ಸುಳಿವು. ಟಾನಿಕ್ ಕೊಟ್ಟು ಸುಮ್ಮನಾಗೋ ವಿಷ್ಯ ಅಲ್ಲ.

ಒಡೆದುಹೋಗೋದು ಅಂದ್ರೆ ಥಲಸ್ಸೀಮಿಯಾ, ಸಿಕಲ್ ಸೆಲ್ ಥರದವು. ಅಪ್ಪ ಅಮ್ಮನಿಂದ ಬರೋವು. ಸಿಕಲ್ ಸೆಲ್‌ನಲ್ಲಿ ಕಣ ದುಂಡಗಿರೋ ಬದಲು ಕುಡುಗೋಲಿನ ಥರ ಬಾಗಿರುತ್ತೆ. ನಮ್ಮ ರಾಜ್ಯದಲ್ಲಿ ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಇದು ಹೆಚ್ಚು. ಇದನ್ನು ತಡೆಯೋಕೆ 2023ರ ಜುಲೈ 1ರಂದು ರಾಷ್ಟ್ರೀಯ ಅಭಿಯಾನವೇ ಶುರುವಾಯ್ತು.

ಒಂದೇ ಮನೆ, ಎರಡು ರಕ್ತಹೀನತೆ

ಟಾನಿಕ್ ಕೆಲಸ ಮಾಡದೇ ಇದ್ದಾಗ ನಮ್ಮೂರ ಆಶಾ ಅಕ್ಕ ಬೈದು ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ‘ಬರೀ ಹಿಮೋಗ್ಲೋಬಿನ್ ಅಲ್ಲ ಕಣಮ್ಮ, ಸಿಬಿಸಿ ಮಾಡ್ಸು’ ಅಂದ್ರು. ಸಿಬಿಸಿ ಅಂದ್ರೆ ರಕ್ತದ ಎಲ್ಲ ಕಣಗಳ ಎಣಿಕೆ. ಆ ರಿಪೋರ್ಟ್‌ನಲ್ಲಿ ಎಂಸಿವಿ ಅಂತ ಒಂದು ಸಾಲು ಇರುತ್ತೆ, ನಾವ್ಯಾರೂ ನೋಡಲ್ಲ. ಅದು ಕೆಂಪು ಕಣದ ಸರಾಸರಿ ಗಾತ್ರ. 80ರಿಂದ 100ರೊಳಗೆ ಇದ್ರೆ ಸರಿ. 80ಕ್ಕಿಂತ ಕಮ್ಮಿ ಇದ್ರೆ ಕಣ ಸಣ್ಣದು, ಕಬ್ಬಿಣದ ಕೊರತೆ ಅಥವಾ ಥಲಸ್ಸೀಮಿಯಾ ಅನುಮಾನ. 100ಕ್ಕಿಂತ ಜಾಸ್ತಿ ಇದ್ರೆ ಕಣ ಊದಿಕೊಂಡಿದೆ, ಬಿ12 ಅಥವಾ ಫೋಲಿಕ್ ಆಮ್ಲದ ಅನುಮಾನ.

ನನ್ನ ಹಿಮೋಗ್ಲೋಬಿನ್ 9.6, ಎಂಸಿವಿ 68. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳೋ ಫೆರಿಟಿನ್ ಬರೀ 6. ದಾಸ್ತಾನು ಖಾಲಿ. ಡಾಕ್ಟರಮ್ಮ ಮೊದ್ಲು ಕೇಳಿದ್ದು ಊಟದ ಬಗ್ಗೆ ಅಲ್ಲ, ‘ಮುಟ್ಟು ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್?’ ಅಂತ. ಎಂಟು ದಿನ ಹೋಗೋದು ಮಾಮೂಲು ಅಂತಲೇ ನಾನು ಅಂದ್ಕೊಂಡಿದ್ದೆ, ಅಮ್ಮನಿಗೂ ಹಾಗೇ ಇತ್ತಲ್ಲ ಅಂತ. ಎರಡನೇ ಪ್ರಶ್ನೆ: ‘ಔಷಧಿ ಯಾವಾಗ ತಗೋತೀಯ?’ ‘ಬೆಳಿಗ್ಗೆ ತಿಂಡಿ ತಿಂದು ಟೀ ಕುಡಿವಾಗ.’ ಅವರು ಪೆನ್ನು ಕೆಳಗಿಟ್ಟು ನಕ್ಕುಬಿಟ್ರು. ಟೀ, ಕಾಫಿಯಲ್ಲಿರೋ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಕೊಂಡು ಮೈಗೆ ಸೇರೋಕೆ ಬಿಡಲ್ಲ. ಎರಡು ತಿಂಗಳು ನಾನು ಕುಡಿದ ಟಾನಿಕ್‌ನಲ್ಲಿ ಹೆಚ್ಚಿನದು ದಂಡ.

ಅಮ್ಮನೂ ಅವತ್ತು ಜೊತೆಗೆ ಬಂದಿದ್ರು. ‘ನಂದೂ ನೋಡ್ಬಿಡಿ, ನಂಗೂ ಸುಸ್ತು’ ಅಂದ್ರು. ಅಮ್ಮಂದು 9.9. ಇಬ್ಬರದೂ ಹೆಚ್ಚುಕಮ್ಮಿ ಒಂದೇ. ಆದ್ರೆ ಎಂಸಿವಿ 112! ನನ್ನ ಕಣ ಸಣ್ಣದಾಗಿದ್ರೆ ಅಮ್ಮಂದು ದಪ್ಪ. ಅಮ್ಮ ಮೊಟ್ಟೆ, ಮಾಂಸ ಮುಟ್ಟಲ್ಲ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಮಾತ್ರೆ ತಗೋತಿದ್ದಾರೆ. ಎರಡೂ ಸೇರಿ ಬಿ12 ಇಳಿದಿತ್ತು. ಬಿ12 ಸಿಗೋದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ. ಸೊಪ್ಪು ಕಾಳಲ್ಲಿ ಅದಿಲ್ಲ. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡ್ರೆ ಕೆಲವರಲ್ಲಿ ಬಿ12 ಹೀರಿಕೆ ಕಮ್ಮಿ ಆಗುತ್ತೆ. ಹಾಗಂತ ಮಾತ್ರೆ ನಿಲ್ಲಿಸೋ ಹಾಗಿಲ್ಲ. ಬಿ12 ಟೆಸ್ಟ್ ಮಾಡಿಸ್ಬೇಕು, ಅಷ್ಟೇ.

ಅಮ್ಮನಿಗೆ ಪಾದ ಜುಮುಜುಮು ಅನ್ನೋದು, ಚಪ್ಪಲಿ ಕಾಲಿಂದ ಜಾರಿದ್ರೂ ಗೊತ್ತಾಗದಿರೋದು ಒಂದು ವರ್ಷದಿಂದ ಇತ್ತು. ಬಿ12 ಕೊರತೆ ನರಕ್ಕೂ ಪೆಟ್ಟು ಕೊಡುತ್ತೆ. ಇಲ್ಲೊಂದು ಅಪಾಯ ಇದೆ. ಬಿ12 ಕಮ್ಮಿ ಇರೋರಿಗೆ ಬರೀ ಫೋಲಿಕ್ ಆಮ್ಲ ಕೊಡ್ತಾ ಹೋದ್ರೆ ಹಿಮೋಗ್ಲೋಬಿನ್ ಏರಬಹುದು, ಎಲ್ಲರೂ ಖುಷಿ ಪಡ್ತಾರೆ. ಒಳಗೆ ನರ ಹಾಳಾಗ್ತಾನೇ ಇರುತ್ತೆ. ನನ್ನ ಮಾತ್ರೆಯನ್ನೇ ಅಮ್ಮನಿಗೂ ಕೊಟ್ಟಿದ್ರೆ ಹಾಗೇ ಆಗ್ತಿತ್ತೇನೋ. ಅಮ್ಮನಿಗೆ ಬಿ12 ಇಂಜೆಕ್ಷನ್ ಶುರು ಮಾಡಿದ್ರು. ರಕ್ತ ಸರಿಹೋಯ್ತು. ಪಾದದ ಜುಮು ಪೂರ್ತಿ ಹೋಗಿಲ್ಲ. ಒಂದು ವರ್ಷ ಮೊದಲೇ ಕೇಳಿದ್ದಿದ್ರೆ ಅಂತ ಈಗಲೂ ಅನ್ಸುತ್ತೆ.

ಒಂದು ಹಳೇ ವಿಷ್ಯ ಹೇಳ್ತೀನಿ. ಫೋಲಿಕ್ ಆಮ್ಲದ ಕತೆ ಶುರುವಾಗಿದ್ದೇ ನಮ್ಮ ದೇಶದಲ್ಲಿ. 1928ರಲ್ಲಿ ಲೂಸಿ ವಿಲ್ಸ್ ಅನ್ನೋ ಇಂಗ್ಲಿಷ್ ವೈದ್ಯೆ ಬಾಂಬೆಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯೋ ಗರ್ಭಿಣಿಯರಿಗೆ ಯಾಕೆ ಇಷ್ಟು ರಕ್ತಹೀನತೆ ಅಂತ ಹುಡುಕಿದ್ರು. ಯೀಸ್ಟ್‌ನ ಸಾರ ತಿನ್ನಿಸಿದಾಗ ಅವರ ರಕ್ತ ಸುಧಾರಿಸ್ತು. ಅದರಲ್ಲಿದ್ದ ಅಂಶವೇ ಫೋಲಿಕ್ ಆಮ್ಲ ಅಂತ ಆಮೇಲೆ ತಿಳೀತು. ಆಕೆ ಮಾಡಿದ್ದೂ ಇದನ್ನೇ, ‘ಯಾಕೆ’ ಅಂತ ಕೇಳಿದ್ದು.

ನಾಲ್ಕು ತಾಲ್ಲೂಕಿನ ನೀರು

ಈಗ ನಮ್ಮ ಕಡೆಗೇ ಬರೋಣ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕೂ ತಾಲ್ಲೂಕಲ್ಲಿ ಬೋರ್‌ವೆಲ್ ನೀರಿನ ತೊಂದರೆ ಹೇಳ್ಬೇಕಾಗಿಲ್ಲ. ಕಲ್ಲುಬಂಡೆಯ ಸೀಮೆ, ಮಳೆ ಕಮ್ಮಿ. ಆಳಕ್ಕೆ ಕೊರೆದಂತೆಲ್ಲ ಬಂಡೆಯಲ್ಲಿರೋ ಫ್ಲೋರೈಡ್ ನೀರಿಗೆ ಸೇರುತ್ತೆ. ಕುಡಿಯೋ ನೀರಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರ್ಬೇಕು, ಬೇರೆ ನೀರೇ ಇಲ್ಲ ಅಂದ್ರೆ 1.5ರ ತನಕ ಅನ್ನೋದು ನಿಯಮ. ಇಲ್ಲಿನ ಎಷ್ಟೋ ಊರುಗಳಲ್ಲಿ ಅದನ್ನು ಮೀರಿದೆ. ಹಲ್ಲಿನ ಮೇಲೆ ಕಂದು ಗೆರೆ, ವಯಸ್ಸಾದವರ ಸೊಂಟ ಮಂಡಿ ಬಿಗಿಯೋದು ಪಾವಗಡದ ಕಡೆ ಎಲ್ರೂ ಕಂಡಿರೋದೇ.

ಹಲ್ಲು, ಮೂಳೆ ಗೊತ್ತು. ರಕ್ತಕ್ಕೇನು ಸಂಬಂಧ? ನಮ್ಮ ಸಣ್ಣಕರುಳಿನ ಒಳಗೋಡೆ ಮಖಮಲ್ ಬಟ್ಟೆ ಥರ ಇರುತ್ತೆ. ಆ ಸಣ್ಣಸಣ್ಣ ಎಳೆಗಳೇ ಊಟದಿಂದ ಕಬ್ಬಿಣ, ಬಿ12 ಎಲ್ಲ ಹೀರಿಕೊಳ್ಳೋದು. ಫ್ಲೋರೈಡ್ ಜಾಸ್ತಿ ಆದ್ರೆ ಆ ಎಳೆಗಳು ಸವೆಯುತ್ತವೆ ಅಂತ ಫ್ಲೋರೋಸಿಸ್ ಬಗ್ಗೆ ದಶಕಗಟ್ಟಲೆ ಕೆಲಸ ಮಾಡಿದ ವಿಜ್ಞಾನಿ ಎ.ಕೆ. ಸುಶೀಲಾ ಹೇಳ್ತಾರೆ. ಅವರ ತಂಡ ದೆಹಲಿಯಲ್ಲಿ ರಕ್ತಹೀನತೆ ಇದ್ದ, ಮೂತ್ರದಲ್ಲಿ ಫ್ಲೋರೈಡ್ ಜಾಸ್ತಿ ಇದ್ದ ಗರ್ಭಿಣಿಯರ ಮೇಲೆ ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸ್ತು. ನೀರು, ಊಟದಿಂದ ಫ್ಲೋರೈಡ್ ತಪ್ಪಿಸಿ, ಒಳ್ಳೇ ಊಟದ ಸಲಹೆ ಕೊಟ್ಟಾಗ ಹಿಮೋಗ್ಲೋಬಿನ್ ಏರ್ತು, ಹುಟ್ಟಿದ ಮಕ್ಕಳ ತೂಕವೂ ಚೆನ್ನಾಗಿತ್ತು. ಒಂದು ಅಧ್ಯಯನದಿಂದ ಎಲ್ಲ ತೀರ್ಮಾನ ಆಗಲ್ಲ. ನಮ್ಮೂರಿನ ರಕ್ತಹೀನತೆಗೆಲ್ಲ ನೀರೇ ಕಾರಣ ಅಂತಲೂ ಅಲ್ಲ. ಆದ್ರೆ ಮಾತ್ರೆ ಸರಿಯಾಗಿ ನುಂಗಿದ್ರೂ ರಕ್ತ ಏರದಿದ್ರೆ, ಈ ನಾಲ್ಕು ತಾಲ್ಲೂಕಲ್ಲಿ ‘ಯಾವ ನೀರು ಕುಡೀತೀರ?’ ಅಂತ ಕೇಳ್ಲೇಬೇಕು.

ಪಾವಗಡದಲ್ಲಿರೋ ನಮ್ಮ ಚಿಕ್ಕಮ್ಮನ ಮಗಳಿಗೆ ಆರು ತಿಂಗಳಾಗಿದ್ದಾಗ 8.4 ಇತ್ತು. ಕೆಂಪು ಮಾತ್ರೆ ತಪ್ಪಿಸಿರಲಿಲ್ಲ. ಡಾಕ್ಟರ್ ನೀರಿನ ಬಗ್ಗೆ ಕೇಳಿದ್ರು. ‘ಕುಡಿಯೋಕೆ ಶುದ್ಧ ನೀರಿನ ಘಟಕದ ಕ್ಯಾನ್ ಸರ್’ ಅಂದ್ಲು. ‘ಅಡುಗೆಗೆ?’ ‘ಅದಕ್ಕೆ ಬೋರ್ ನೀರೇ.’ ಅಲ್ಲೇ ಇದೆ ನೋಡಿ. ಮುದ್ದೆ, ಅನ್ನ, ಸಾರು, ಟೀ ಎಲ್ಲ ಬೋರ್ ನೀರಲ್ಲೇ ಆಗ್ತಿತ್ತು. ನೀರು ಕಾಯಿಸಿದ್ರೆ ರೋಗಾಣು ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತೆ. ಬಟ್ಟೆಯಲ್ಲಿ ಸೋಸಿದ್ರೂ ಹೋಗಲ್ಲ. ಆರ್‌ಒ ನೀರು ಅಥವಾ ಶುದ್ಧವಾಗಿ ಹಿಡಿದಿಟ್ಟ ಮಳೆ ನೀರು ಆಗ್ಬೇಕು. ಅವಳಿಗೆ ಕಬ್ಬಿಣದ ಡ್ರಿಪ್ ಹಾಕಿದ್ರು, ಅಡುಗೆಗೂ ಕ್ಯಾನ್ ನೀರು ಶುರು ಮಾಡಿದ್ಲು. ಹೆರಿಗೆ ಹೊತ್ತಿಗೆ 11 ದಾಟ್ತು. ಡ್ರಿಪ್ಪಿಂದನೋ, ನೀರಿಂದನೋ ನಾನು ಹೇಳಲಾರೆ. ಈಗ ಮಗು ಅಂಗಳ ತುಂಬ ಓಡಾಡ್ತಿದೆ.

ಚಿಕಿತ್ಸೆ: ಕಾರಣಕ್ಕೆ ತಕ್ಕಂತೆ

ಕಬ್ಬಿಣದ ಕೊರತೆಗೆ ಮಾತ್ರೆಯೇ ಮೊದಲ ಮದ್ದು. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಇದು ಪುಕ್ಕಟೆ ಸಿಗುತ್ತೆ. ಹೈಸ್ಕೂಲ್ ವಯಸ್ಸಿನವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಚಿಕ್ಕ ಮಕ್ಕಳಿಗೆ ಗುಲಾಬಿ, ಗರ್ಭಿಣಿ ಬಾಣಂತಿಯರಿಗೆ ದಿನಕ್ಕೊಂದು ಕೆಂಪು. ವಾರದ ನೀಲಿ ಮಾತ್ರೆ ರಕ್ತಹೀನತೆ ಬರದಂತೆ ತಡೆಯೋಕೆ. ಈಗಾಗಲೇ ಬಂದಿದ್ರೆ ಡೋಸ್ ಬೇರೆ, ಡಾಕ್ಟರ್ ಹೇಳ್ಬೇಕು. ಎಷ್ಟೋ ಜನ ಈ ಮಾತ್ರೆಯನ್ನು ಬಚ್ಚಲ ಕಿಂಡಿಗೆ ಹಾಕ್ತಾರೆ. ಕಾರಣ ಹೊಟ್ಟೆ ತೊಳಸೋದು, ಮಲ ಕಪ್ಪಗಾಗೋದು. ಕಪ್ಪಗಾಗೋದು ಸಹಜ, ಹೆದರ್ಬೇಡಿ. ತೊಳಸಿದ್ರೆ ರಾತ್ರಿ ಊಟ ಆದ್ಮೇಲೆ ತಗೊಳ್ಳಿ, ಡಾಕ್ಟರನ್ನು ಕೇಳಿ ದಿನ ಬಿಟ್ಟು ದಿನ ಮಾಡ್ಕೊಳ್ಳಿ. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವಕ್ಕೂ ಕಬ್ಬಿಣಕ್ಕೂ ಎರಡು ಗಂಟೆ ಅಂತರ ಇರ್ಲಿ. ನಿಂಬೆಹಣ್ಣಿನ ಪಾನಕದ ಜೊತೆ ತಗೊಂಡ್ರೆ ಒಳ್ಳೇದು.

ಒಂದು ತಿಂಗಳಿಗೆ ಸುಮಾರು 1 ಗ್ರಾಂ ಆದ್ರೂ ಏರ್ಬೇಕು. ಏರದಿದ್ರೆ ಡೋಸ್ ಜಾಸ್ತಿ ಮಾಡೋದಲ್ಲ, ಕಾರಣ ಮತ್ತೆ ಹುಡುಕೋದು. ಏರಿದ್ರೂ ತಕ್ಷಣ ನಿಲ್ಲಿಸ್ಬೇಡಿ. ದಾಸ್ತಾನು ತುಂಬೋಕೆ ಇನ್ನೂ ಎರಡು ಮೂರು ತಿಂಗಳು ಬೇಕು. ಮಾತ್ರೆ ಒಗ್ಗದವರಿಗೆ, ಹೆರಿಗೆ ಹತ್ತಿರ ಇರೋರಿಗೆ ಡ್ರಿಪ್ ಇದೆ. ರಕ್ತ ಏರಿಸೋದು ತೀರಾ ಕೆಳಗಿಳಿದಾಗ ಮಾತ್ರ. ಜಂತುಹುಳದ ಮಾತ್ರೆ ಆಲ್ಬೆಂಡಜೋಲ್ ಶಾಲೆ, ಅಂಗನವಾಡಿಗಳಲ್ಲಿ ವರ್ಷಕ್ಕೆ ಎರಡು ಸಲ ಕೊಡ್ತಾರೆ, ಬಿಡಬೇಡಿ.

ಥಲಸ್ಸೀಮಿಯಾ ವಾಹಕರ ಕತೆ ಬೇರೆ. ಅವರ ಕಣವೂ ಸಣ್ಣದೇ, ರಿಪೋರ್ಟ್ ನೋಡಿದ್ರೆ ಕಬ್ಬಿಣದ ಕೊರತೆ ಥರಾನೇ ಕಾಣುತ್ತೆ. ಆದ್ರೆ ಫೆರಿಟಿನ್ ಸರಿ ಇರುತ್ತೆ. ಸುಮ್ಮನೆ ಕಬ್ಬಿಣ ನುಂಗೋದ್ರಿಂದ ಉಪಯೋಗ ಇಲ್ಲ. ಎಚ್‌ಪಿಎಲ್‌ಸಿ ಅನ್ನೋ ಪರೀಕ್ಷೆಯಲ್ಲಿ ಗೊತ್ತಾಗುತ್ತೆ. ವಾಹಕರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಆದ್ರೆ ಗಂಡ ಹೆಂಡತಿ ಇಬ್ಬರೂ ವಾಹಕರಾದ್ರೆ ಪ್ರತಿ ಬಸಿರಲ್ಲೂ ಮಗುವಿಗೆ ತೀವ್ರ ಥಲಸ್ಸೀಮಿಯಾ ಬರೋ ಸಾಧ್ಯತೆ ಶೇ 25. ಆ ಮಗುವಿಗೆ ಕೆಲವು ವಾರಕ್ಕೊಮ್ಮೆ ರಕ್ತ ಕೊಡಿಸ್ತಾನೇ ಇರ್ಬೇಕಾಗುತ್ತೆ. ಜಾತಕ ಕೂಡಿಸೋ ಮೊದಲು ಈ ಒಂದು ಟೆಸ್ಟ್ ಕೂಡಿಸಿ. ಸಂಬಂಧದಲ್ಲೇ ಮದುವೆ ಆಗೋರು ಮರೀಲೇಬೇಡಿ.

ತಟ್ಟೆಯಲ್ಲಿ ಏನಿರ್ಬೇಕು?

‘ದಾಳಿಂಬೆ ತಿನ್ನು, ಬೀಟ್‌ರೂಟ್ ಕುಡಿ, ರಕ್ತ ಆಗುತ್ತೆ’ ಅಂತಾರೆ. ನಮ್ಮ ಕಡೆ ದಾಳಿಂಬೆ ತೋಟಗಳೇ ಇವೆ. ತಿನ್ನಿ, ಒಳ್ಳೇದೇ. ಆದ್ರೆ ಬಣ್ಣ ಕೆಂಪಗಿದ್ದ ಮಾತ್ರಕ್ಕೆ ರಕ್ತ ಆಗಲ್ಲ. ಅವುಗಳಲ್ಲಿ ಕಬ್ಬಿಣ ಬಹಳ ಕಮ್ಮಿ. ಹುರುಳಿ, ಅಲಸಂದೆ, ದಂಟಿನ ಸೊಪ್ಪು, ಎಳ್ಳು ವಾಸಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 4 ಮಿಲಿಗ್ರಾಂ ಕಬ್ಬಿಣ ಇದೆ, ಆದ್ರೆ ಅದರಲ್ಲೇ ಇರೋ ಫೈಟೇಟ್ ಕಬ್ಬಿಣವನ್ನು ಹಿಡಿದಿಡುತ್ತೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದ್ರೆ ಅದು ಇಳಿಯುತ್ತೆ. ಮುದ್ದೆ ಬಸ್ಸಾರಿಗೆ ಅರ್ಧ ನಿಂಬೆಹಣ್ಣು ಹಿಂಡಿ, ಇಲ್ಲಾಂದ್ರೆ ಊಟದ ಜೊತೆ ಸೀಬೆಹಣ್ಣೋ ನೆಲ್ಲಿಕಾಯೋ ಇರ್ಲಿ. ಮಾಂಸ ತಿನ್ನೋರಿಗೆ ಲಿವರ್, ಕುರಿಮಾಂಸದ ಕಬ್ಬಿಣ ಬೇಗ ಹಿಡಿಯುತ್ತೆ. ಪಡಿತರ ಅಕ್ಕಿಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಥರ ಕಾಳು ಸಿಕ್ರೆ ‘ಪ್ಲಾಸ್ಟಿಕ್ ಅಕ್ಕಿ’ ಅಂತ ಆರಿಸಿ ಬಿಸಾಕ್ಬೇಡಿ. ಅದು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದ ಸಾರವರ್ಧಿತ ಅಕ್ಕಿ, ನೂರಕ್ಕೆ ಒಂದರಂತೆ ಬೆರೆಸಿದ್ದು.

ಊಟ ತಡೆಯುತ್ತೆ, ಉಳಿಸುತ್ತೆ. ಆದ್ರೆ ಈಗಾಗಲೇ 9ಕ್ಕೆ ಇಳಿದಿರೋರಿಗೆ ಬರೀ ಊಟ ಸಾಕಾಗಲ್ಲ. ಕೂತಲ್ಲೇ ಏದುಸಿರು, ಎದೆನೋವು, ತಲೆ ಸುತ್ತಿ ಬೀಳೋದು, ಕಬ್ಬಿಣದ ಮಾತ್ರೆ ತಗೋಳ್ದೇ ಮಲ ಡಾಂಬರಿನಂಗೆ ಕಪ್ಪಗಾಗೋದು – ಇವಿದ್ರೆ ನಾಳೆಗೆ ಅಂತ ಇಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಕೊನೆಗೆ, ಈ ನಾಲ್ಕು ಪ್ರಶ್ನೆ ಫೋನಲ್ಲಿ ಬರೆದಿಟ್ಕೊಳ್ಳಿ. ನಂದು ಯಾವ ಥರದ ರಕ್ತಹೀನತೆ? ಎಂಸಿವಿ ಎಷ್ಟಿದೆ? ಎಲ್ಲಾದ್ರೂ ರಕ್ತ ಸೋರ್ತಿದೆಯಾ? ಮಾತ್ರೆಗೆ ಏರದಿದ್ರೆ ಮುಂದೇನು? ನಮ್ಮ ನಾಲ್ಕು ತಾಲ್ಲೂಕಿನವರು ಐದನೇದು ಸೇರಿಸ್ಕೊಳ್ಳಿ: ನಮ್ಮ ನೀರು ಹೇಗಿದೆ? ಕೇಳೋಕೆ ನಾಚಿಕೆ ಬೇಡ. ಡಾಕ್ಟರ್ ಹತ್ರ ಎರಡೇ ನಿಮಿಷ ಸಿಕ್ರೂ ಕೇಳಿ.

ನಾನು ಟೀ ಬಿಡ್ಲಿಲ್ಲ, ಹೊತ್ತು ಬದಲಾಯಿಸ್ದೆ. ಮುಟ್ಟಿಗೆ ಚಿಕಿತ್ಸೆ ತಗೊಂಡೆ. ಐದು ತಿಂಗಳು ಮಾತ್ರೆ ನುಂಗಿದೆ. ಮಾರನೇ ವರ್ಷ ಕಾಲೇಜಲ್ಲಿ ಮತ್ತೆ ಶಿಬಿರ. ಮತ್ತೆ ಅದೇ ಸೂಜಿ, ಅದೇ ನೀಲಿ ಲೋಟ. ಹನಿ ಒಂದು ಕ್ಷಣ ನಿಂತಂಗೆ ಆಯ್ತು. ಆಮೇಲೆ ನೇರ ತಳಕ್ಕೆ ಹೋಯ್ತು.

ಈ ಸಂಚಿಕೆನ ಅಮ್ಮನ ಹತ್ರ ಕೂತು ಇನ್ನೊಂದು ಸಲ ಕೇಳಿ.